ಬಿಕಾನೇರಿನ ಜೂನಾಗಢ ಅರಮನೆ: ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನಾಗಢ ಗುಜರಾತಿನಲ್ಲಿ ಇರುವುದಲ್ಲವೇ?

ಅದು ಬೇರೆ, ಇದು ಬೇರೆ. ಗಿರನಾರ್ ಬೆಟ್ಟದ ಬುಡದಲ್ಲಿರುವ ಜುನಾಗಢ ಗುಜರಾತಿನ ಒಂದು ಊರು. ಇಲ್ಲಿ ಹೇಳುತ್ತಿರುವ ಜೂನಾಗಢ ರಾಜಸ್ಥಾನದ ಮರುಭೂಮಿ ನಗರ ಬಿಕಾನೇರಿನ ನಡುವೆ ಇರುವ ಕೋಟೆ-ಅರಮನೆ. ಹೆಸರು ಒಂದೇ ಆಗಿರುವುದರಿಂದ ಗೊಂದಲ ತಪ್ಪಿದ್ದಲ್ಲ. ಮೊಬೈಲಿನಲ್ಲಿ ಬರೀ ‘ಜುನಾಗಢ’ ಎಂದು ಹುಡುಕಿ ರೂಮು ಕಾಯ್ದಿರಿಸಿದರೆ ಗುಜರಾತಿನ ಹೋಟೆಲು ಗಂಟುಬೀಳುವುದು ಸುಲಭ. ಯಾವಾಗಲೂ ‘ಬಿಕಾನೇರ್’ ಎಂದು ಸೇರಿಸಿ ಹುಡುಕಿ. ರೈಲಿನಲ್ಲಿ ಹೋಗುವವರು ಬಿಕಾನೇರ್ ಜಂಕ್ಷನ್‌ಗೆ (ಕೋಡ್ ಬಿ.ಕೆ.ಎನ್.) ಟಿಕೆಟ್ ಮಾಡಿಸಬೇಕು. ಅದೇ ಊರಿನಲ್ಲಿ ಲಾಲ್‌ಗಢ ಜಂಕ್ಷನ್ ಎಂಬ ಇನ್ನೊಂದು ನಿಲ್ದಾಣವೂ ಇದೆ. ಕೆಲವು ರೈಲುಗಳು ಅಲ್ಲಿಗೇ ಮುಗಿಯುತ್ತವೆ. ಅಲ್ಲಿ ಇಳಿದರೂ ತೊಂದರೆಯೇನಿಲ್ಲ, ಆಟೋ ದಾರಿ ಸ್ವಲ್ಪ ಉದ್ದವಾಗುತ್ತದೆ ಅಷ್ಟೆ.

‘ಜೂನಾ’ ಎಂದರೆ ಹಳೆಯದು. ಕಟ್ಟಿದಾಗ ಇದರ ಹೆಸರು ಚಿಂತಾಮಣಿ. 20ನೇ ಶತಮಾನದ ಆರಂಭದಲ್ಲಿ ಅರಸು ಮನೆತನ ಹೊಸ ಲಾಲ್‌ಗಢ ಅರಮನೆಗೆ ಬಿಡಾರ ಬದಲಿಸಿದ ಮೇಲೆ ಇದು ‘ಹಳೇ ಕೋಟೆ’ಯಾಯಿತು.

ಇದು ಕೋಟೆಯೋ ಅರಮನೆಯೋ?

ಹೊರಗೆ ಕೋಟೆ, ಒಳಗೆ ಅರಮನೆಗಳ ಗೊಂಚಲು. ಬಿಕಾನೇರಿನ ರಾಜಾ ರಾಯ್ ಸಿಂಗ್ ಅಕ್ಬರನ ದೊಡ್ಡ ಸೇನಾಪತಿಗಳಲ್ಲಿ ಒಬ್ಬ. ಅವನು 1589ರಲ್ಲಿ ಶುರುಮಾಡಿಸಿ 1594ರಲ್ಲಿ ಮುಗಿಸಿದ ಕಟ್ಟಡ ಇದು. ಆಮೇಲಿನ ಅರಸರು ಹಿಂದಿನವರು ಕಟ್ಟಿದ್ದನ್ನು ಬಹುಮಟ್ಟಿಗೆ ಹಾಗೇ ಬಿಟ್ಟು, ಪಕ್ಕಕ್ಕೋ ಮೇಲಕ್ಕೋ ತಮ್ಮದೊಂದು ಮಹಲು ಸೇರಿಸುತ್ತ ಹೋದರು. ಮುನ್ನೂರು ವರ್ಷಕ್ಕೂ ಮೀರಿ ಈ ಸೇರಿಸುವ ಕೆಲಸ ನಡೆಯಿತು. ಅದಕ್ಕೇ ಒಳಗೆ ನಡೆಯುವಾಗ ಮಟ್ಟ ಒಂದೇ ಸಮ ಇರುವುದಿಲ್ಲ. ಎರಡು ಮೆಟ್ಟಿಲು ಇಳಿದು ಮೂರು ಹತ್ತಬೇಕು, ದೊಡ್ಡ ಅಂಗಳದಿಂದ ತಲೆ ತಗ್ಗಿಸಿ ಹೋಗುವ ಓಣಿಗೆ ನುಗ್ಗಬೇಕು. ಯಾವ ಕೋಣೆ ಯಾರ ಕಾಲದ್ದು ಎಂಬ ಅಂದಾಜು ಇಟ್ಟುಕೊಂಡು ಹೋದರೆ ಈ ಗೊಂದಲವೇ ಸೊಗಸಾಗಿ ಕಾಣುತ್ತದೆ. ಅಂದಾಜಿಲ್ಲದೆ ಹೋದವರಿಗೆ ‘ಎಲ್ಲ ಕೋಣೆಯೂ ಬಂಗಾರ, ಎಲ್ಲ ಒಂದೇ’ ಅನಿಸಿ ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತಾರೆ.

ಕೋಟೆ ಎಂದ ಕೂಡಲೇ ಚಿತ್ರದುರ್ಗದಂತೆ ಬೆಟ್ಟ ಹತ್ತಬೇಕೇ ಎಂದು ಕೇಳುವವರಿದ್ದಾರೆ. ಇಲ್ಲ. ಜೋಧಪುರ, ಜೈಸಲ್ಮೇರ್ ಕೋಟೆಗಳು ಗುಡ್ಡದ ಮೇಲಿವೆ, ಜೂನಾಗಢ ಇರುವುದು ಬಟಾಬಯಲಿನಲ್ಲಿ. ಎತ್ತರದ ಆಸರೆ ಇಲ್ಲದ್ದರಿಂದಲೇ ಗೋಡೆಯನ್ನು ಸುಮಾರು 40 ಅಡಿ ಎತ್ತರ, 14.5 ಅಡಿ ದಪ್ಪ ಎಬ್ಬಿಸಿ, ಸುತ್ತ ಕಂದಕ ತೋಡಿದರು. ಸುತ್ತಳತೆ 986 ಮೀಟರ್, ಬುರುಜುಗಳು 37. ನೆಲಕ್ಕೆ ಅಂಟಿಕೊಂಡೇ ಇಷ್ಟು ಚೆಂದವಿದೆ ಎಂದು ಇದಕ್ಕೆ ‘ಜಮೀನ್ ಕಾ ಜೇವರ್’, ಅಂದರೆ ನೆಲದ ಒಡವೆ ಎಂಬ ಅಡ್ಡಹೆಸರೂ ಇದೆ.

ಬಾಬರನ ಮಗ ಕಾಮ್ರಾನ್ ಈ ಕೋಟೆಯನ್ನು ಒಂದು ದಿನ ಗೆದ್ದುಕೊಂಡಿದ್ದ ಎನ್ನುತ್ತಾರೆ. ನಿಜವೇ?

ತಾರೀಖು ನೋಡಿದರೆ ಹೊಂದುವುದಿಲ್ಲ. ಕಾಮ್ರಾನ್ ಬಿಕಾನೇರಿನ ಮೇಲೆ ಬಂದದ್ದು 1534ರಲ್ಲಿ, ರಾವ್ ಜೈತ್‌ಸಿಯ ಕಾಲದಲ್ಲಿ. ಈ ಕೋಟೆಗೆ ಕಲ್ಲು ಇಟ್ಟದ್ದು ಅದಾಗಿ 55 ವರ್ಷದ ಮೇಲೆ. ದಾಳಿಗೆ ಸಿಕ್ಕಿದ್ದು ಊರು ಕಟ್ಟಿದ ರಾವ್ ಬಿಕಾನ ಹಳೆಯ ಕೋಟೆ. ಅದರ ಕುರುಹು ಹಳೇ ಊರಿನ ಲಕ್ಷ್ಮೀನಾಥ ದೇವಸ್ಥಾನದ ಹತ್ತಿರ ಇದೆ. ಗೈಡುಗಳು, ಕೈಪಿಡಿಗಳು ಎರಡು ಕೋಟೆಯನ್ನೂ ಒಂದೇ ಮಾಡಿ ಹೇಳುವುದುಂಟು.

ಕರ್ನಾಟಕದಿಂದ ತಲುಪುವುದು ಹೇಗೆ?

ನೇರ ರೈಲು ಇದೆ. ಯಶವಂತಪುರ–ಬಿಕಾನೇರ್ ಎಕ್ಸ್‌ಪ್ರೆಸ್ (16587) ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಅಹಮದಾಬಾದ್, ಜೋಧಪುರದ ಮೇಲೆ ಹೋಗುತ್ತದೆ. ದಿನವೂ ಇಲ್ಲ, ವಾರಕ್ಕೆ ಎರಡೇ ಸಲ. ಹೆಚ್ಚುಕಡಿಮೆ ಎರಡು ಹಗಲು ಎರಡು ರಾತ್ರಿಯ ದಾರಿ. ಪುರುಸೊತ್ತಿದ್ದವರಿಗೆ, ವಯಸ್ಸಾದವರನ್ನು ಕರೆದುಕೊಂಡು ರೈಲು ಬದಲಿಸುವ ರಗಳೆ ಬೇಡ ಎನ್ನುವವರಿಗೆ ಇದೇ ವಾಸಿ. ದೀಪಾವಳಿ, ಕ್ರಿಸ್‌ಮಸ್ ರಜೆಗೆ ಸೀಟು ಬೇಕೆಂದರೆ ಬುಕಿಂಗ್ ತೆರೆದ ದಿನವೇ ಮಾಡಿಸಿ. ಊರಿಗೆ ಹೋಗುವ ರಾಜಸ್ಥಾನಿ ವ್ಯಾಪಾರಿ ಕುಟುಂಬಗಳೂ ಇದೇ ಗಾಡಿ ಹಿಡಿಯುತ್ತಾರೆ.

ವಿಮಾನದಲ್ಲಾದರೆ ಜೋಧಪುರ ಇಲ್ಲವೇ ಜೈಪುರದಲ್ಲಿ ಇಳಿದು ರಸ್ತೆ ಅಥವಾ ರೈಲು ಹಿಡಿಯುವುದು ಅನುಕೂಲ. ಜೋಧಪುರದಿಂದ ಬಿಕಾನೇರ್ ಸುಮಾರು 250 ಕಿ.ಮೀ., ಕಾರಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ. ಜೈಪುರ ಮತ್ತು ಜೈಸಲ್ಮೇರ್ ಎರಡೂ 330 ಕಿ.ಮೀ. ಆಸುಪಾಸು. ಬಿಕಾನೇರಿನ ನಾಲ್ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು ಬೆರಳೆಣಿಕೆಯಷ್ಟು, ಅದನ್ನೇ ನಂಬಿ ಮರುದಿನದ ಯೋಜನೆ ಹಾಕಬೇಡಿ. ದೆಹಲಿಯಿಂದ ರಾತ್ರಿ ರೈಲುಗಳಿವೆ. ಆದರೆ ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದರೆ ಗಂಟೆಗಟ್ಟಲೆ ತಡವಾಗುತ್ತವೆ.

ಬಿಕಾನೇರ್ ಜಂಕ್ಷನ್‌ನಿಂದ ಅರಮನೆಗೆ ಒಂದೂವರೆ ಕಿ.ಮೀ. ಅಷ್ಟೆ. ಆಟೋ, ಇ-ರಿಕ್ಷಾ ಎರಡೂ ಸಿಗುತ್ತವೆ, ಹತ್ತುವ ಮೊದಲೇ ದರ ಮಾತಾಡಿ. ಒಂದು ಸಂಗತಿ ಗೊತ್ತಿರಲಿ: ರೈಲು ಹಳಿ ಈ ಊರಿನ ಪೇಟೆಯನ್ನು ಸೀಳಿಕೊಂಡು ಹೋಗುತ್ತದೆ. ಕೋಟ್ ಗೇಟ್ ಬಳಿಯ ರೈಲ್ವೆ ಗೇಟು ಹಾಕಿದರೆ ಎರಡೂ ಕಡೆ ವಾಹನಗಳ ಸಾಲು ನಿಲ್ಲುತ್ತದೆ. ಹಳೇ ಊರಿನ ಕಡೆ ಉಳಿದುಕೊಂಡವರು ಎಲ್ಲಿಗೇ ಹೊರಟರೂ 20 ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ, ಅದರಲ್ಲೂ ವಾಪಸು ರೈಲು ಹಿಡಿಯುವ ದಿನ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ. ಮೇ–ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಜೊತೆಗೆ ‘ಲೂ’ ಎನ್ನುವ ಬಿಸಿಗಾಳಿ, ಸಂಜೆ ‘ಆಂಧಿ’ ಎನ್ನುವ ಧೂಳಿನ ಬಿರುಗಾಳಿ. ನಮ್ಮ ಕಡೆಯವರು ಬಿಸಿಲಿಗೆ ಹೇಗೋ ತಯಾರಾಗಿ ಬರುತ್ತಾರೆ, ಮೋಸ ಹೋಗುವುದು ಚಳಿಗೆ. ಡಿಸೆಂಬರ್–ಜನವರಿಯಲ್ಲಿ ಮಧ್ಯಾಹ್ನ ಅರ್ಧ ತೋಳಿನ ಅಂಗಿ ಸಾಕು, ರಾತ್ರಿ 4–5 ಡಿಗ್ರಿಗೆ ಇಳಿಯುತ್ತದೆ. ಅರಮನೆಯ ಒಳಕೋಣೆಗಳಲ್ಲೂ ಬೆಳಗ್ಗೆ ಕಲ್ಲು ಕೊರೆಯುತ್ತಿರುತ್ತದೆ. ಸ್ವೆಟರ್ ಜೊತೆಗೆ ಕಾಲುಚೀಲ, ಕಿವಿಗೆ ಮಫ್ಲರ್ ಬೇಕೇ ಬೇಕು.

ಜನವರಿಯಲ್ಲಿ ಒಂಟೆ ಉತ್ಸವ ನಡೆಯುತ್ತದೆ. ಸಿಂಗರಿಸಿದ ಒಂಟೆಗಳನ್ನು ನೋಡಬೇಕೆಂದರೆ ಆಗಲೇ ಬನ್ನಿ, ಅರಮನೆಯನ್ನು ನೆಮ್ಮದಿಯಾಗಿ ನೋಡಬೇಕೆಂದರೆ ಆ ಮೂರ್ನಾಲ್ಕು ದಿನ ತಪ್ಪಿಸಿ. ಮಾರ್ಚ್–ಏಪ್ರಿಲ್‌ನ ಗಣಗೌರ್ ಹಬ್ಬಕ್ಕೆ ಅರಸು ಮನೆತನದ ಗೌರಿಯ ಸವಾರಿ ಈ ಕೋಟೆಯಿಂದಲೇ ಹೊರಡುತ್ತದೆ.

ಸಮಯ, ಟಿಕೆಟ್, ಗೈಡ್?

ಬೆಳಗ್ಗೆ 10ಕ್ಕೆ ತೆರೆಯುತ್ತದೆ, ಸಂಜೆ 4.30ರ ಸುಮಾರಿಗೆ ಟಿಕೆಟ್ ಕೊಡುವುದು ನಿಲ್ಲುತ್ತದೆ. ಕೊನೆಯ ಗಳಿಗೆಗೆ ಬಂದರೆ ಒಳಗೆ ಬಿಟ್ಟಾರು, ಆದರೆ ಕೋಣೆಯಿಂದ ಕೋಣೆಗೆ ಅಟ್ಟಿಸಿಕೊಂಡು ಹೋಗಬೇಕಾಗುತ್ತದೆ. ಮಧ್ಯಾಹ್ನ ಎರಡರೊಳಗೆ ಒಳಗಿರಿ.

ಇದನ್ನು ನಡೆಸುವುದು ಭಾರತೀಯ ಪುರಾತತ್ವ ಇಲಾಖೆಯಲ್ಲ, ಮಹಾರಾಜಾ ರಾಯ್ ಸಿಂಗ್‌ಜೀ ಟ್ರಸ್ಟ್. 1961ರಲ್ಲಿ ಮಹಾರಾಜ ಕರಣಿ ಸಿಂಗ್ ಸ್ಥಾಪಿಸಿದ್ದು. ಹೌದು, ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದ ಶೂಟಿಂಗ್ ಪಟು ಕರಣಿ ಸಿಂಗ್ ಅವರೇ. ಹಾಗಾಗಿ ಹಂಪಿಗೋ ಬಾದಾಮಿಗೋ ಆನ್‌ಲೈನಿನಲ್ಲಿ ಟಿಕೆಟ್ ತೆಗೆದ ಪುರಾತತ್ವ ಇಲಾಖೆಯ ತಾಣದಲ್ಲಿ ಇದನ್ನು ಹುಡುಕಬೇಡಿ. ವಿದ್ಯಾರ್ಥಿಗಳು ಕಾಲೇಜಿನ ಗುರುತಿನ ಚೀಟಿ ತರಲಿ, ರಿಯಾಯಿತಿ ಇದೆ. ಚಿಲ್ಲರೆ ಮತ್ತು ನಗದು ಕೈಯಲ್ಲಿರಲಿ.

ಜನರನ್ನು ಗುಂಪು ಮಾಡಿ ಅರಮನೆಯದೇ ಗೈಡ್ ಜೊತೆ ಕಳಿಸುವ ರೂಢಿ ಇಲ್ಲಿದೆ. ಹಿಂದಿ ಇಲ್ಲವೇ ಇಂಗ್ಲಿಷ್, ಕನ್ನಡದ ಮಾತೇ ಬೇಡ. ಹಿಂದಿ ಗುಂಪು ದೊಡ್ಡದು, ಓಟವೂ ಜೋರು. ಗುಂಪಿನ ಬಾಲದಲ್ಲಿರಿ: ಎಲ್ಲರೂ ಮುಂದಿನ ಕೋಣೆಗೆ ದಾಟಿದ ಮೇಲೆ ಸಿಗುವ ಅರ್ಧ ನಿಮಿಷ, ಕೋಣೆ ಖಾಲಿಯಾಗಿ ಕಾಣುವ ಅರ್ಧ ನಿಮಿಷ. ಇನ್ನೂ ನಿಧಾನ ಬೇಕಾದರೆ ಆಡಿಯೋ ಗೈಡ್ ಇದೆಯೇ ಎಂದು ಟಿಕೆಟ್ ಕಿಟಕಿಯಲ್ಲೇ ಕೇಳಿ. ಗೇಟಿನ ಹೊರಗೆ ‘ಸರ್ಕಾರಿ ಗೈಡ್’ ಎಂದು ಬೆನ್ನು ಹತ್ತುವವರು ಬರುತ್ತಾರೆ. ಪರವಾನಗಿ ಚೀಟಿ ತೋರಿಸದವರಿಗೆ ಕೈ ಮುಗಿದು ಮುಂದೆ ಹೋಗಿ.

ಎಷ್ಟು ಹೊತ್ತು ಬೇಕು? ಎಲ್ಲಿಂದ ಶುರು?

ಅರಮನೆಗೆ ಎರಡರಿಂದ ಎರಡೂವರೆ ಗಂಟೆ, ಕೋಟೆಯ ಆವರಣದಲ್ಲೇ ಇರುವ ಪ್ರಾಚೀನಾ ಮ್ಯೂಸಿಯಮ್ಮಿಗೆ ಇನ್ನೊಂದು ಮುಕ್ಕಾಲು ಗಂಟೆ.

ಇಲ್ಲಿ ಹೆಬ್ಬಾಗಿಲಿಗೆ ‘ಪೋಲ್’ ಎನ್ನುತ್ತಾರೆ. ಒಳಹೋಗುವುದು ಕರಣ್ ಪೋಲ್ ಮೂಲಕ. ಅದನ್ನು ದಾಟಿ ದೌಲತ್ ಪೋಲ್‌ಗೆ ಬಂದಾಗ ಗುಂಪಿನವರು ಸರಸರ ನಡೆದುಬಿಡುತ್ತಾರೆ, ನೀವು ನಿಂತು ಗೋಡೆ ನೋಡಿ. ಕೆಂಪು ಬಳಿದ ಪುಟ್ಟ ಪುಟ್ಟ ಹಸ್ತಗಳ ಸಾಲು ಇದೆ. ಸತಿ ಹೋದ ರಾಜಮನೆತನದ ಹೆಂಗಸರ ಕೈಗುರುತು ಅವು, 41 ಎಂದು ಲೆಕ್ಕ. ಬೆರಳುಗಳು ಮಕ್ಕಳ ಬೆರಳಿನಷ್ಟು ಸಣ್ಣ. ಅದರ ಮುಂದೆ ನಗುತ್ತ ಸೆಲ್ಫಿ ತೆಗೆಯುವವರನ್ನು ಕಂಡರೆ ಕಸಿವಿಸಿಯಾಗುತ್ತದೆ.

ಮುಂದಿನದು ಸೂರಜ್ ಪೋಲ್. ಮಿಕ್ಕ ಬಾಗಿಲುಗಳು ಕೆಂಪು ಕಲ್ಲಿನವು, ಇದೊಂದು ಹಳದಿ ಕಲ್ಲಿನದು. ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ಬಿದ್ದಾಗ ಹೆಸರಿನ ಅರ್ಥ ತಾನಾಗಿ ಗೊತ್ತಾಗುತ್ತದೆ. ಎರಡೂ ಬದಿ ಮಾವುತರಿರುವ ಕೆಂಪು ಆನೆಗಳು. ಏರಿ ಕುಳಿತವರು 1568ರಲ್ಲಿ ಚಿತ್ತೋಡದಲ್ಲಿ ಅಕ್ಬರನ ಸೈನ್ಯದ ಎದುರು ಹೋರಾಡಿ ಮಡಿದ ಜಯಮಲ್ ಮತ್ತು ಪತ್ತಾ ಎನ್ನುತ್ತಾರೆ. ಅಕ್ಬರನ ಸೇನಾಪತಿ ಕಟ್ಟಿಸಿದ ಕೋಟೆಯ ಬಾಗಿಲಲ್ಲಿ ಅಕ್ಬರನ ವಿರುದ್ಧ ಸತ್ತ ವೀರರು! ರಾಯ್ ಸಿಂಗ್‌ನ ಕೀರ್ತಿ ಹೇಳುವ ಉದ್ದನೆಯ ಸಂಸ್ಕೃತ ಶಾಸನವೂ ಇಲ್ಲೇ ಇದೆ.

ಒಳಗೆ ಯಾವ ಮಹಲುಗಳನ್ನು ತಪ್ಪಿಸಬಾರದು?

ಕರಣ್ ಮಹಲ್‌ನಿಂದ ಶುರುವಿಡಿ. ತಂದೆ ಕರಣ್ ಸಿಂಗ್‌ನ ಹೆಸರಿನಲ್ಲಿ ಮಹಾರಾಜ ಅನೂಪ್ ಸಿಂಗ್ 17ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿದ ದರ್ಬಾರು. ಕಮಾನಿನ ಅಂಚು ದಳದಳವಾಗಿ ಮಡಿಸಿದಂತಿದೆ, ಕಂಬಗಳಲ್ಲಿ ಗೀರುಗೀರಾದ ಕೊರೆತ. ಮೊಘಲ್ ಛಾಯೆ ಎದ್ದು ಕಾಣುತ್ತದೆ.

ಅನೂಪ್ ಮಹಲ್ ಇಡೀ ಅರಮನೆಯ ಜೀವ. ಕಡುಗೆಂಪಿನ ಮೇಲೆ ಬಂಗಾರದ ಬಳ್ಳಿ, ಅಲ್ಲಲ್ಲಿ ಬಣ್ಣದ ಗಾಜು, ಕನ್ನಡಿ ಚೂರು. ಪಟ್ಟಾಭಿಷೇಕ ನಡೆಯುತ್ತಿದ್ದ ಜಾಗ ಇದು. ಒಳಗೆ ಬೆಳಕು ಕಡಿಮೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕೆಂಪು-ಹಳದಿ ಕಲಸುಮೇಲೋಗರ. ಎರಡು ನಿಮಿಷ ಸುಮ್ಮನೆ ನಿಂತರೆ ಚಿತ್ತಾರ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಎದುರಿನಿಂದ ನೋಡುವುದಕ್ಕಿಂತ ಗೋಡೆಯ ಬದಿಗೆ ಹೋಗಿ ಓರೆಯಾಗಿ ನೋಡಿ. ಬಳ್ಳಿ, ಹೂವು ಗೋಡೆಯಿಂದ ಉಬ್ಬಿ ನಿಂತಿರುವುದು ಆಗ ತಿಳಿಯುತ್ತದೆ.

ಬಾದಲ್ ಮಹಲ್, ಮೋಡದ ಮಹಲು. ನೀಲಿ ಮೋಡಗಳು ಸುರುಳಿ ಸುತ್ತಿ ಗೋಡೆಯ ತುಂಬ ಹರಡಿವೆ, ನಡುವೆ ಹಾವಿನಂತೆ ಮಿಂಚು, ಬುಡದಲ್ಲಿ ಗೆರೆಗೆರೆಯಾಗಿ ಮಳೆ. ವರ್ಷಕ್ಕೆ 300 ಮಿ.ಮೀ. ಮಳೆ ಕಾಣದ ಊರು, ಅದೂ ನೆಚ್ಚಿಕೊಳ್ಳುವಂತಿಲ್ಲ. ಇಂಥಲ್ಲಿ ಅರಸನಾದವನು ಚಿನ್ನದಷ್ಟೇ ಆಸೆಪಟ್ಟು ಗೋಡೆಗೆ ಬರೆಸಿಕೊಂಡದ್ದು ಮಳೆಗಾಲ. ಚಿಕ್ಕ ಕೋಣೆ, ಜನ ಬೇಗ ತುಂಬುತ್ತಾರೆ.

ಫೂಲ್ ಮಹಲ್, ಚಂದ್ರ ಮಹಲ್‌ಗಳು ಗಜ್ ಸಿಂಗ್ ಕಾಲದವು (ಆಳ್ವಿಕೆ 1746–1787). ಇಲ್ಲಿನ ಮಂಚ ತೀರ ಗಿಡ್ಡ, ಕಾಲು ನೆಲಕ್ಕೆ ತಾಗುವಂತಿದೆ. ಇದಕ್ಕೆ ಗೈಡುಗಳು ಕಥೆ ಹೇಳುತ್ತಾರೆ: ಬಿಕಾನ ಅಜ್ಜ ರಣಮಲ್ಲ ಚಿತ್ತೋಡದಲ್ಲಿ ಮಲಗಿದ್ದಾಗ ಅವನನ್ನು ಅವನದೇ ಪೇಟದಿಂದ ಮಂಚಕ್ಕೆ ಬಿಗಿದು ಕೊಂದರು, ಅಂದಿನಿಂದ ಈ ವಂಶದವರು ಕಟ್ಟಿದರೂ ಎದ್ದು ನಿಲ್ಲಲು ಬರುವಂತೆ ಗಿಡ್ಡ ಮಂಚವನ್ನೇ ಮಾಡಿಸಿದರು ಎಂದು. ರಣಮಲ್ಲನ ಕೊಲೆಯ ಮಾತು ರಜಪೂತ ಖ್ಯಾತಗಳಲ್ಲಿ, ಅಂದರೆ ಮನೆತನಗಳ ಹಳೆಯ ಚರಿತ್ರೆ ಬರಹಗಳಲ್ಲಿ ಪ್ರಸಿದ್ಧ. ಮಂಚದ ಅಳತೆಗೆ ಅದೇ ಕಾರಣ ಎನ್ನುವುದನ್ನು ಕಥೆಯಾಗಿ ಕೇಳಿ ಸಂತೋಷಪಡಿ.

ಕೊನೆಗೆ ಬರುವುದು ಗಂಗಾ ಮಹಲ್, ಮಹಾರಾಜ ಗಂಗಾ ಸಿಂಗ್ (ಆಳ್ವಿಕೆ 1887–1943) ಕಾಲದ್ದು. ಚಿನ್ನದ ಕೋಣೆಗಳಿಂದ ಬಂದ ಮೇಲೆ ಇಲ್ಲಿನ ಕೆತ್ತಿದ ಕೆಂಗಲ್ಲು ಕಣ್ಣಿಗೆ ತಂಪು. ಅದರ ನಡುವೆ ಥಟ್ಟನೆ ಎದುರಾಗುತ್ತದೆ ವಿಮಾನ, ಮೊದಲ ಮಹಾಯುದ್ಧ ಕಾಲದ ಎರಡು ರೆಕ್ಕೆಯ ಡಿ.ಎಚ್.-9. ಬ್ರಿಟಿಷ್ ಸರ್ಕಾರ ಬಿಕಾನೇರಿಗೆ ಕೊಟ್ಟ ಯುದ್ಧಸ್ಮಾರಕ. ಈ ಬಗೆಯ ವಿಮಾನಗಳ ಇನ್ನಷ್ಟು ಅವಶೇಷಗಳು ಅರಮನೆಯ ಹಳೆಯ ಆನೆಲಾಯದಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಅವು ಇಂಗ್ಲೆಂಡಿಗೆ ಹೋಗಿ ರಿಪೇರಿಯಾದವು, ಒಂದು ಈಗ ಡಕ್ಸ್‌ಫರ್ಡ್‌ನ ಯುದ್ಧ ಸಂಗ್ರಹಾಲಯದಲ್ಲಿದೆ. ಕನೌಜಿನ ರಾಠೋಡ ಅರಸರದ್ದು ಎನ್ನಲಾಗುವ ಗಂಧದ ಮರದ ಸಿಂಹಾಸನವನ್ನೂ ನೋಡಿಕೊಂಡೇ ಬನ್ನಿ.

ಆ ಉಬ್ಬಿದ ಚಿನ್ನದ ಕೆಲಸ ಹೇಗೆ ಮಾಡುತ್ತಾರೆ?

ಅದಕ್ಕೆ ಉಸ್ತಾ ಕಲೆ ಎಂದು ಹೆಸರು, ಮಾಡುವ ಮನೆತನಗಳಿಗೂ ಉಸ್ತಾ ಎಂದೇ ಹೆಸರು. ಮೊದಲು ಮೈ ನುಣುಪು ಮಾಡಿ ಅಸ್ತರು ಕೊಡುತ್ತಾರೆ. ಚಿತ್ತಾರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ಕಾಗದ (‘ಖಾಕಾ’) ಇಟ್ಟು, ಮೇಲೆ ಪುಡಿ ತಟ್ಟಿ ಗುರುತು ಇಳಿಸುತ್ತಾರೆ. ಉಬ್ಬಬೇಕಾದ ಕಡೆ ಮಣ್ಣುಪುಡಿ, ಅಂಟು ಕಲಸಿದ ಲೇಪವನ್ನು ಕುಂಚದಿಂದ ಪದರದ ಮೇಲೆ ಪದರ ಏರಿಸುತ್ತಾರೆ. ಒಂದು ಒಣಗದೆ ಇನ್ನೊಂದು ಹಾಕಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಈ ಹಂತಕ್ಕೇ ದಿನಗಟ್ಟಲೆ. ಆಮೇಲೆ ಹಳದಿ ಬಣ್ಣ, ಅದರ ಮೇಲೆ ಅಂಟೆಣ್ಣೆ. ಅದು ಪೂರ್ತಿ ಒಣಗುವ ಮುಂಚೆ, ಬೆರಳಿಗೆ ಇನ್ನೂ ಅಂಟುವ ಹದದಲ್ಲಿ ಚಿನ್ನದ ತಗಡು ಕೂರಿಸಬೇಕು. ಹಸಿ ಇದ್ದರೆ ಚಿನ್ನ ಮುಳುಗಿ ಮಂಕಾಗುತ್ತದೆ, ಒಣಗಿದ್ದರೆ ಕೂರುವುದೇ ಇಲ್ಲ. ಕೊನೆಗೆ ಸಣ್ಣ ಕುಂಚದಿಂದ ಕಪ್ಪು ಗೆರೆ, ಮಿಕ್ಕ ಬಣ್ಣ.

ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆ, ಕಿರೀಟದ ಮೇಲೆ ತೆಳುವಾಗಿ ಉಬ್ಬಿಸಿ ಚಿನ್ನ ಹಚ್ಚಿರುವುದನ್ನು ಕಂಡವರಿಗೆ ಈ ತರ್ಕ ಬೇಗ ಅರ್ಥವಾಗುತ್ತದೆ. ಮೈಸೂರಿನದು ಕೈಯಾಡಿಸಿದರಷ್ಟೇ ತಿಳಿಯುವ ಉಬ್ಬು, ಇಲ್ಲಿನದು ನೆರಳು ಬೀಳುವಷ್ಟು ಉಬ್ಬು. ಹಾಗಂತ ಅರಮನೆ ಗೋಡೆಯ ಮೇಲೆ ಕೈಯಾಡಿಸಬೇಡಿ. ಬೆರಳಿನ ಬೆವರು, ಜಿಡ್ಡು ತಗಲಿದ ಕಡೆ ತಗಡು ಸವೆದು ಏಳುತ್ತದೆ. ಬಾಗಿಲ ಚೌಕಟ್ಟುಗಳ ಬಳಿ, ಭುಜದೆತ್ತರದಲ್ಲಿ ಚಿನ್ನ ಮಾಸಿರುವ ಕಡೆ ನೋಡಿದರೆ ಗೊತ್ತಾಗುತ್ತದೆ.

ಈ ಅರಮನೆಗೂ ನಮ್ಮ ಕಡೆಗೂ ನಂಟಿದೆಯೇ?

ಇದೆ, ಗೈಡುಗಳು ಹೆಚ್ಚು ಹೇಳದ ನಂಟು. ಅನೂಪ್ ಮಹಲ್‌ನ ಅನೂಪ್ ಸಿಂಗ್ ತನ್ನ ಆಯುಷ್ಯದ ಬಹುಪಾಲು ಕಳೆದದ್ದು ಬಿಕಾನೇರಿನಲ್ಲಲ್ಲ, ಔರಂಗಜೇಬನ ಸೇನಾಪತಿಯಾಗಿ ದಖ್ಖನಿನಲ್ಲಿ. ಬಿಜಾಪುರದ ವಿರುದ್ಧದ ಕಾರ್ಯಾಚರಣೆಯಲ್ಲೂ 1687ರ ಗೋಲ್ಕೊಂಡ ಮುತ್ತಿಗೆಯಲ್ಲೂ ಇದ್ದ. ಕೊನೆಗೆ ಆದವಾನಿಯ ಉಸ್ತುವಾರಿ ವಹಿಸಿಕೊಂಡು 1698ರಲ್ಲಿ ಅಲ್ಲೇ ತೀರಿಕೊಂಡ. ಆದವಾನಿ ಎಂದರೆ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದ, ಈಗ ಆಂಧ್ರಕ್ಕೆ ಸೇರಿರುವ ಆದೋನಿ.

ಯುದ್ಧದ ನಡುವೆ ಅವನು ಎರಡು ವಸ್ತು ಕೂಡಿಹಾಕಿದ: ದೇವರ ವಿಗ್ರಹಗಳು ಮತ್ತು ಹಸ್ತಪ್ರತಿಗಳು. ದಖ್ಖನಿನಿಂದ ಬಂದ ಲೋಹದ ವಿಗ್ರಹಗಳು ಕೋಟೆಯೊಳಗಿನ ‘ಮೂವತ್ಮೂರು ಕೋಟಿ ದೇವತೆಗಳ’ ಗುಡಿಯಲ್ಲಿವೆ. ಗೈಡ್ ತಾನಾಗಿ ಎತ್ತದಿದ್ದರೆ ನೀವೇ ಕೇಳಿ. ಹಸ್ತಪ್ರತಿಗಳು ಅನೂಪ್ ಸಂಸ್ಕೃತ ಗ್ರಂಥಾಲಯವಾಗಿ ಈಗ ಲಾಲ್‌ಗಢದಲ್ಲಿವೆ. ಅದು ವಿದ್ವಾಂಸರ ಜಾಗ, ಸುಮ್ಮನೆ ನೋಡಿಬರುವಂಥದ್ದಲ್ಲ. ಸಂಗೀತದ ಆಸಕ್ತಿ ಇದ್ದವರಿಗೆ ಇನ್ನೊಂದು ಮಾತು: ಶಾಸ್ತ್ರಕಾರ ಭಾವಭಟ್ಟ ಇವನ ಆಸ್ಥಾನದಲ್ಲೇ ಇದ್ದು, ತನ್ನ ಗ್ರಂಥಗಳಿಗೆ ದೊರೆಯ ಹೆಸರನ್ನೇ ಇಟ್ಟ.

ಫೋಟೊ ತೆಗೆಯಬಹುದೇ?

ಮೊಬೈಲಿಗೆ ಅಡ್ಡಿಯಿಲ್ಲ. ದೊಡ್ಡ ಕ್ಯಾಮೆರಾ, ವಿಡಿಯೊ ಇದ್ದರೆ ಟಿಕೆಟ್ ಜೊತೆಗೇ ಅದರ ಶುಲ್ಕ ಕೇಳಿ ಕಟ್ಟಿಬಿಡಿ, ಒಳಗೆ ಹೋಗಿ ವಾದ ಬೇಡ. ಫ್ಲ್ಯಾಶ್ ಹಾಕಬೇಡಿ. ಚಿತ್ತಾರಕ್ಕೆ ಒಳ್ಳೆಯದಲ್ಲ, ಜೊತೆಗೆ ಕನ್ನಡಿ ಚೂರುಗಳು ಬೆಳಕನ್ನು ನಿಮ್ಮ ಕಡೆಗೇ ಎಸೆದು ಫೋಟೊ ಬೆಳ್ಳಗಾಗುತ್ತದೆ. ಗಾಜು ಹಾಕಿ ಮುಚ್ಚಿದ ಕೋಣೆಗಳಲ್ಲಿ ಮೊಬೈಲನ್ನು ಗಾಜಿಗೆ ತಾಗಿಸಿ ಹಿಡಿದರೆ ನಿಮ್ಮ ಪ್ರತಿಬಿಂಬ ಬರುವುದಿಲ್ಲ. ಹೊರಗಿನ ಬುರುಜುಗಳಿಗೆ ಸಂಜೆ ಹೊತ್ತು ಸೂರಸಾಗರ ಕೆರೆಯ ಕಡೆಯಿಂದ ಪ್ರಯತ್ನಿಸಿ.

ವಯಸ್ಸಾದವರು, ಚಿಕ್ಕ ಮಕ್ಕಳು ಬರಬಹುದೇ?

ಬಾಗಿಲುಗಳು, ಕೆಳಗಿನ ಅಂಗಳಗಳವರೆಗೆ ಧಾರಾಳವಾಗಿ. ಅಲ್ಲಿಂದ ಮೇಲೆ ಕಡಿದಾದ, ಕಿರಿದಾದ ಮೆಟ್ಟಿಲು. ಹಿಡಿಕೆ ಎಲ್ಲ ಕಡೆ ಇಲ್ಲ, ಬಾಗಿಲ ಪಡಿಗಳು ತಗ್ಗು. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಮ್ಮೆ ಗುಂಪಿನ ಜೊತೆ ಮೇಲೆ ಹೋದರೆ ಅರ್ಧಕ್ಕೆ ಹಿಂದಿರುಗಲು ಎದುರಿನಿಂದ ಬರುವ ಜನರನ್ನು ಸೀಳಿಕೊಂಡು ಬರಬೇಕು. ಹೋಗುವುದೋ ಬಿಡುವುದೋ ಎನ್ನುವುದನ್ನು ಮೊದಲ ಮೆಟ್ಟಿಲಲ್ಲೇ ತೀರ್ಮಾನಿಸಿ. ಗಾಲಿಕುರ್ಚಿ ಮೇಲಿನ ಮಹಲುಗಳಿಗೆ ಹೋಗುವುದಿಲ್ಲ. ಮಗುವಿನ ತಳ್ಳುಗಾಡಿಯೂ ಅಷ್ಟೆ, ಜೋಳಿಗೆಯಲ್ಲಿ ಎತ್ತಿಕೊಳ್ಳಿ. ಶೌಚಾಲಯವನ್ನು ಪ್ರವೇಶದ ಬಳಿಯೇ ಮುಗಿಸಿಕೊಂಡು ಹೊರಡಿ, ಮಹಲುಗಳ ನಡುವೆ ಅದಕ್ಕೆಂದು ಹೊರಬರುವ ಅಡ್ಡದಾರಿ ಇಲ್ಲ.

ಪ್ರಾಚೀನಾ ಮ್ಯೂಸಿಯಂ ಬೇರೆಯೇ?

ಕೋಟೆಯ ಆವರಣದಲ್ಲೇ ಇದೆ, ಟಿಕೆಟ್ ಬೇರೆ. 2000ನೇ ಇಸವಿಯಲ್ಲಿ ರಾಜಕುಮಾರಿ ಸಿದ್ಧಿ ಕುಮಾರಿ ಶುರುಮಾಡಿದ್ದು. ರಾಜಮನೆತನದ ಉಡುಪು, ಪಿಂಗಾಣಿ, ದಿನಬಳಕೆಯ ಸಾಮಾನುಗಳ ಸಂಗ್ರಹ. ಹಳೆಯ ಘಾಘ್ರಾಗಳ ಜರಿ ಕೆಲಸವನ್ನು ಒಂದಡಿ ದೂರದಿಂದ ನೋಡಬಹುದು. ಸೀರೆ, ಬಟ್ಟೆಯ ಹುಚ್ಚಿದ್ದವರು ಅರಮನೆಗಿಂತ ಇಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಲಾಲ್‌ಗಢ ಅರಮನೆಯನ್ನೂ ನೋಡಬೇಕೇ?

ಸಮಯ ಇದ್ದರೆ. 1902ರಿಂದ 1926ರವರೆಗೆ ಕಟ್ಟಿದ ಕೆಂಪು ಕಲ್ಲಿನ ಅರಮನೆ, ನಕ್ಷೆ ಸ್ಯಾಮ್ಯುಯೆಲ್ ಸ್ವಿಂಟನ್ ಜೇಕಬ್ ಅವರದು. ಒಂದಷ್ಟು ಭಾಗ ಹೋಟೆಲು, ಒಂದಷ್ಟು ಮ್ಯೂಸಿಯಂ. ಅರ್ಧ ದಿನವಷ್ಟೇ ಕೈಯಲ್ಲಿದ್ದರೆ ಜೂನಾಗಢವನ್ನೇ ನಿಧಾನವಾಗಿ ನೋಡಿ, ಇದನ್ನು ಬಿಡಿ.

ಊಟ? ಏನು ಕೊಂಡು ತರಬಹುದು?

ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ, ಪೇಟೆಯ ಬಹುಪಾಲು ಹೋಟೆಲು ಶುದ್ಧ ಸಸ್ಯಾಹಾರಿ. ಬಾಜ್ರಾ ರೋಟಿ ಎಂದರೆ ನಮ್ಮ ಸಜ್ಜೆ ರೊಟ್ಟಿಯೇ, ಉತ್ತರ ಕರ್ನಾಟಕದವರಿಗೆ ಮನೆಯ ರುಚಿ. ಜೊತೆಗೆ ಕೇರ್-ಸಾಂಗ್ರಿ ಪಲ್ಯ ಕೇಳಿ. ಮರುಭೂಮಿಯ ಗಿಡದ ಕಾಯಿ ಮತ್ತು ಬನ್ನಿ ಜಾತಿಯ ಮರದ ಕೋಡುಗಳನ್ನು ಒಣಗಿಸಿಟ್ಟು, ನೆನೆಸಿ ಮಾಡುವ ಪಲ್ಯ ಅದು. ಅನ್ನವೇ ಬೇಕು ಎನ್ನುವವರಿಗೆ ಸಿಗುತ್ತದೆ, ಸಾರಿನ ಆಸೆ ಬಿಡಿ.

ಬಿಕಾನೇರಿ ಭುಜಿಯಾಕ್ಕೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಬರೀ ಕಡಲೆಹಿಟ್ಟಿನದಾದರೆ ಅದು ಸೇವು. ಭುಜಿಯಾಕ್ಕೆ ಮೋಠ್ ಹಿಟ್ಟು, ಅಂದರೆ ನಮ್ಮ ಮಡಿಕೆ ಕಾಳಿನ ಹಿಟ್ಟು ಬೇಕು. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಬಿಡಿಯಾಗಿ ಕೊಳ್ಳುವಾಗ ಅಂಗೈಯಲ್ಲಿ ನಾಲ್ಕು ಎಳೆ ಪುಡಿಮಾಡಿ ಮೂಸಿ. ಹಳಸಲು ಎಣ್ಣೆಯ ಘಾಟು ಬಂದರೆ ಬೇಡ.

ಒಂಟೆ ಚರ್ಮದ ಮೇಲೆ ಉಸ್ತಾ ಕೆಲಸ ಮಾಡಿದ ಕುಪ್ಪಿ, ಡಬ್ಬಿ ಮಾರುತ್ತಾರೆ. ಅಗ್ಗದವು ಚಿನ್ನವಲ್ಲ, ಹಿತ್ತಾಳೆ ಪುಡಿಯ ಬಣ್ಣ. ಹೊಸದರಲ್ಲಿ ಚಿನ್ನಕ್ಕಿಂತ ಹೆಚ್ಚು ಥಳಥಳಿಸಿ, ವರ್ಷ ಕಳೆಯುವಷ್ಟರಲ್ಲಿ ಕಪ್ಪಿಡುತ್ತದೆ. ಚಿನ್ನದ ತಗಡು ಕಪ್ಪಾಗುವುದಿಲ್ಲ. ಅಂಗಡಿಯಲ್ಲಿ ಹಳೆಯ ತುಂಡೊಂದನ್ನು ತೋರಿಸಲು ಹೇಳಿ, ಹೊಸದರ ಪಕ್ಕ ಇಟ್ಟು ನೋಡಿ.

ಒಂದೇ ದಿನ ಇದೆ. ದೇಶನೋಕದ ಇಲಿಗಳ ಗುಡಿಯನ್ನೂ ಸೇರಿಸಬಹುದೇ?

ಸೇರಿಸಬಹುದು. ಕರಣಿ ಮಾತಾ ಗುಡಿ ಸುಮಾರು 30 ಕಿ.ಮೀ. ದೂರ, ಜೋಧಪುರದ ದಾರಿಯಲ್ಲೇ. ಬೆಳಗ್ಗೆ ಏಳಕ್ಕೆ ಹೊರಟು ಗುಡಿ ಮುಗಿಸಿ ಹತ್ತೂವರೆಯೊಳಗೆ ಅರಮನೆಗೆ ಬನ್ನಿ. ಗುಡಿಯಲ್ಲಿ ಚಪ್ಪಲಿ ಬಿಡಬೇಕು, ನೆಲದ ತುಂಬ ಕಾಳು, ಹಾಲು, ಇಲಿ ಹಿಕ್ಕೆ. ಹಳೆಯ ಕಾಲುಚೀಲ ಹಾಕಿಕೊಂಡು ಹೋಗಿ ಹೊರಬಂದು ಎಸೆದುಬಿಡಿ. ಕಾಲೆತ್ತಿ ಇಡದೆ ನೆಲಕ್ಕೆ ಸವರಿಕೊಂಡು ನಡೆಯಿರಿ, ಇಲಿ ತುಳಿದು ಸತ್ತರೆ ಬೆಳ್ಳಿಯದೋ ಚಿನ್ನದ್ದೋ ಇಲಿ ಮಾಡಿಸಿಕೊಡಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಅರಮನೆ, ಪ್ರಾಚೀನಾ ಮುಗಿದು ಊಟವಾಗುವಾಗ ಎರಡು ಗಂಟೆ. ಉಳಿದ ಹೊತ್ತಿಗೆ ಊರ ಹೊರಗಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರ ಸರಿಹೊಂದುತ್ತದೆ, ಅಲ್ಲಿ ಪ್ರವಾಸಿಗರ ಹೊತ್ತು ಮಧ್ಯಾಹ್ನದ ಮೇಲೇ. ಒಂಟೆ ಹಾಲಿನ ಐಸ್‌ಕ್ರೀಂ ಸಿಕ್ಕರೆ ಒಂದೇ ಕಪ್ ತೆಗೆದುಕೊಂಡು ಹಂಚಿಕೊಳ್ಳಿ. ಆ ಸಣ್ಣ ಉಪ್ಪು ರುಚಿ ಎಲ್ಲರಿಗೂ ಹಿಡಿಸುವುದಿಲ್ಲ.